ಜೇಡಿಮಣ್ಣು, ಬಣ್ಣದ ವೈರು, ಐದು ಉಬ್ಬು

ಎಂಬಿಬಿಎಸ್ ಮೊದಲ ವರ್ಷ. ಫ್ಯಾರಿಂಜಿಯಲ್ ಆರ್ಚ್‌ಗಳ (ಮುಖ, ಕತ್ತಿನ ಭಾಗಗಳಾಗಿ ಬೆಳೆಯುವ ಭ್ರೂಣದ ಉಬ್ಬುಗಳು) ಟೇಬಲ್ಲನ್ನು ನಾಲ್ಕು ಸಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳಿದ್ದು ಒಂದೇ ಪ್ರಶ್ನೆ. ದವಡೆಯ ಕೆಳಗಿನ ಡೈಗ್ಯಾಸ್ಟ್ರಿಕ್ ಒಂದೇ ಸ್ನಾಯು, ಅದಕ್ಕೆ ಎರಡು ನರ ಯಾಕೆ? ಟೇಬಲ್ಲಿನ ಗೆರೆಗಳು ಕಣ್ಮುಂದೆ ಬಂದವು, ಉತ್ತರ ಬರಲಿಲ್ಲ.

ಆಮೇಲೆ ಪುಸ್ತಕ ಬದಿಗಿಟ್ಟು ಜೇಡಿಮಣ್ಣು ಹಿಡಿದು ಕೂತೆ. ನಾಲ್ಕನೇ ವಾರದ ಭ್ರೂಣದ ಕತ್ತಿನಲ್ಲಿ ಮೂಡುವಂತೆ ಒಂದರ ಕೆಳಗೊಂದು ಉಬ್ಬು ಮಾಡಿದೆ. ಒಂದು, ಎರಡು, ಮೂರು, ನಾಲ್ಕು, ಆರು. ಐದನೆಯದು ನಮ್ಮಲ್ಲಿ ಮೂಡಿದರೂ ಉಳಿಯುವುದಿಲ್ಲ, ಹಾಗಾಗಿ ಬಿಟ್ಟೆ. ಪ್ರತಿ ಉಬ್ಬಿಗೂ ಬೇರೆ ಬೇರೆ ಬಣ್ಣದ ಉದ್ದನೆಯ ವೈರು ಚುಚ್ಚಿದೆ. ಮೊದಲನೆಯದಕ್ಕೆ 5ನೇ ಕ್ರೇನಿಯಲ್ ನರ (ಮಿದುಳಿನಿಂದ ನೇರವಾಗಿ ಹೊರಡುವ ನರ), ಎರಡನೆಯದಕ್ಕೆ 7, ಮೂರಕ್ಕೆ 9. ನಾಲ್ಕು ಮತ್ತು ಆರಕ್ಕೆ 10ನೆಯದರ ಕವಲುಗಳು.

ಮಣ್ಣನ್ನು ಎಳೆದಾಡಲು ಶುರು ಮಾಡಿದ ಮೇಲೆ ವಿಷಯ ತಲೆಗೆ ಹತ್ತಿತು. ಮಣ್ಣು ಎಲ್ಲಿಗೆ ಹೋದರೂ ವೈರು ಹಿಂದೆಯೇ ಬರುತ್ತದೆ. ಎರಡನೇ ಆರ್ಚಿನ ಸ್ನಾಯು ಮುಖದ ತುಂಬ ಹರಡಿ ನಗಿಸುತ್ತದೆ, ಕಣ್ಣು ಮುಚ್ಚಿಸುತ್ತದೆ. ಆದರೂ ತವರಿನ ನರವನ್ನು ಬಿಡುವುದಿಲ್ಲ. ಡೈಗ್ಯಾಸ್ಟ್ರಿಕ್‌ನ ಮುಂದಿನ ಭಾಗ ಮೊದಲ ಆರ್ಚಿನದು, ಹಿಂದಿನದು ಎರಡನೆಯದು. ಎರಡು ತವರು, ಎರಡು ನರ. ಇಷ್ಟೇ ಅಲ್ವಾ!

ಜಾಸ್ತಿ ಕಾಡಿದ್ದು ಆರ್ಚ್‌ಗಳ ನಡುವೆ ಒಳಗಡೆ ಮೂಡುವ ಚೀಲದಂಥ ಪೌಚ್‌ಗಳು. ಮೂರನೆಯದರಿಂದ ಕೆಳಗಿನ ಪ್ಯಾರಾಥೈರಾಯ್ಡ್ (ಕತ್ತಿನ ಪುಟ್ಟ ಗ್ರಂಥಿ), ನಾಲ್ಕನೆಯದರಿಂದ ಮೇಲಿನದು. ಯಾರೋ ಸುಮ್ನೆ ಉಲ್ಟಾ ಬರೆದಿದ್ದಾರೆ ಅನ್ನಿಸುತ್ತಿತ್ತು. ಮೂರನೇ ಪೌಚಿನಲ್ಲಿ ಎರಡು ಉಂಡೆ ಅಂಟಿಸಿ, ಥೈಮಸ್ (ಎದೆಯಲ್ಲಿರುವ ಗ್ರಂಥಿ) ಎಂದುಕೊಂಡ ಉಂಡೆಯನ್ನು ಎದೆಯ ಕಡೆ ಎಳೆದೆ. ಪಕ್ಕದ ಪ್ಯಾರಾಥೈರಾಯ್ಡ್ ಉಂಡೆಯೂ ಜೊತೆಗೆ ಜಾರಿ ನಾಲ್ಕನೆಯದನ್ನು ದಾಟಿ ಕೆಳಗಿಳಿಯಿತು. ಆಮೇಲೆ ಅದು ಮರೆತೇ ಇಲ್ಲ.

ಆರನೇ ಆರ್ಚಿನ ವೈರಂತೂ ಸಿಕ್ಕಿಹಾಕಿಕೊಂಡಿತು. ಹೃದಯ ಎದೆಗೆ ಇಳಿಯುವಾಗ ದೊಡ್ಡ ರಕ್ತನಾಳಗಳೂ ಇಳಿಯುತ್ತವೆ. ಎಡಗಡೆ ಆರನೇ ಆರ್ಚಿನ ರಕ್ತನಾಳ ಡಕ್ಟಸ್ (ಭ್ರೂಣದಲ್ಲಿ ಶ್ವಾಸಕೋಶದ ಧಮನಿಯನ್ನು ಮಹಾಧಮನಿಗೆ ಜೋಡಿಸುವ ನಾಳ) ಆಗಿ ಉಳಿಯುವುದರಿಂದ ಸ್ವರತಂತು ಅಲ್ಲಾಡಿಸುವ ಆ ಆರ್ಚಿನ ನರ ಅದಕ್ಕೆ ತಗುಲಿಕೊಂಡು ಎದೆಯವರೆಗೂ ಹೋಗಿ, ಮಹಾಧಮನಿಯ ಕೆಳಗಿಂದ ಸುತ್ತಿ ಗಂಟಲಿಗೆ ವಾಪಸ್ ಬರುತ್ತದೆ. ಬಲಗಡೆ ಆ ಭಾಗ ಕರಗುತ್ತದೆ, ನರ ತೋಳಿನ ಕಡೆ ಹೋಗುವ ಸಬ್‌ಕ್ಲೇವಿಯನ್ ಧಮನಿಯನ್ನು ಸುತ್ತಿ ಮೇಲೆಯೇ ತಿರುಗುತ್ತದೆ.

ಈಗಲೂ ಎಡಗಡೆಯ ಸ್ವರತಂತು ಅಲ್ಲಾಡದೆ ದನಿ ಕೂತ ರೋಗಿ ಬಂದರೆ, ಗಂಟಲು ನೋಡಿ ಕಳಿಸುವುದಿಲ್ಲ. ಎದೆಯನ್ನೂ ನೋಡುತ್ತೇನೆ.