ಮೀನಿಗೊಂದು ನಂಬರು ಕಟ್ಟುವುದು ಹೇಗೆ?

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರೆಲ್ಲ ನೀರಿನ ಟಿಎಂಸಿ ಲೆಕ್ಕ ಹಾಕುತ್ತಿದ್ದರು. ಆ ನೀರಿನೊಂದಿಗೆ ಹೋದ ಮೀನು ಎಲ್ಲಿ ಸೇರಿತು? ಅದು ತಿಳಿಯಬೇಕಾದರೆ ಮೀನಿನ ಮೈಮೇಲೆಯೇ ಗುರುತಿರಬೇಕು.

ಕಡಲಲ್ಲಿ ಈ ಕೆಲಸ ಹಳೆಯದು. ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1954ರಿಂದಲೇ ಹವ್ಯಾಸಿ ಗಾಳಗಾರರ ಕೈಗೆ ಟ್ಯಾಗ್, ಅಂದರೆ ಮೀನಿನ ಮೈಗೆ ಚುಚ್ಚುವ ನಂಬರಿನ ಪಟ್ಟಿ, ಕೊಟ್ಟರು. ಬ್ಲೂಫಿನ್ ಟ್ಯೂನಾ ಅಟ್ಲಾಂಟಿಕ್ ದಾಟಿ ಯುರೋಪಿನತ್ತ ಹೋಗುತ್ತದೆಂದು ಇಂಥ ಟ್ಯಾಗ್‌ಗಳೇ ತೋರಿಸಿದವು.

ಮೊದಲ ಹೆಜ್ಜೆ ಅನುಮತಿ. ಜಲಾಶಯದಲ್ಲಾದರೆ ಮೀನುಗಾರಿಕೆಯ ಪರವಾನಗಿ ಬೇಕು. ಅಣೆಕಟ್ಟಿನ ಕೆಳಗೆ ಕಂಪ್ಲಿಯವರೆಗಿನ ಹೊಳೆ ನೀರುನಾಯಿ ಸಂರಕ್ಷಣಾ ಮೀಸಲು, ಅಲ್ಲಿ ಅರಣ್ಯ ಇಲಾಖೆಯನ್ನೂ ಕೇಳಬೇಕು. ಟ್ಯಾಗ್ ಸಂಶೋಧಕರಿಂದಲೇ ಬರಬೇಕು. ಅಂಗಡಿಯಿಂದ ಪ್ಲಾಸ್ಟಿಕ್ ತಂದು ಚುಚ್ಚಿದರೆ ಮೀನಿಗೆ ಗಾಯ, ಬೇರೆ ಯಾರಿಗೂ ಲಾಭವಿಲ್ಲ.

ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಳ್ಳಿ. ಟ್ಯಾಗ್, ಅಳತೆ ಹಲಗೆ, ಪೆನ್ಸಿಲ್ ಮೊದಲೇ ಸಿದ್ಧವಿರಲಿ. ಮೀನು ಕೈಯಲ್ಲಿದ್ದಾಗ ಚೀಲ ತಡಕಾಡಬಾರದು. ಕಿವಿರಿನಿಂದ ರಕ್ತ ಬರುತ್ತಿದ್ದರೆ ಟ್ಯಾಗ್ ಆಸೆ ಬಿಡಿ. ಒಣ ಕೈಯಲ್ಲಿ ಮುಟ್ಟಬೇಡಿ, ಮೈಮೇಲಿನ ಲೋಳೆಯೇ ಅದಕ್ಕೆ ರಕ್ಷಣೆ. ಒದ್ದೆ ಹಲಗೆಯ ಮೇಲೆ ಮೂತಿಯಿಂದ ಬಾಲದ ಕವಲಿನವರೆಗೆ ಅಳೆಯಿರಿ.

ಬೆನ್ನಿನ ಈಜುರೆಕ್ಕೆಯ ಬುಡದ ಕೆಳಗೆ ಒಂದು ಹುರುಪೆ ತೆಗೆದು, ಟ್ಯಾಗ್ ಇರುವ ಸೂಜಿಯನ್ನು ತಲೆಯ ಕಡೆಗೆ ಓರೆಯಾಗಿ ತೂರಿಸಿ. ರೆಕ್ಕೆಯನ್ನು ಹಿಡಿದ ಮೂಳೆಗಳ ನಡುವೆ ಟ್ಯಾಗ್‌ನ ಕೊಕ್ಕೆ ಸಿಕ್ಕಿಕೊಳ್ಳಬೇಕು. ಮೆಲ್ಲಗೆ ಎಳೆದು ನೋಡಿ. ಸರಿಯಾಗಿ ಕೂತ ಟ್ಯಾಗ್ ಬಾಲದ ಕಡೆಗೆ ಬಾಗಿ, ಈಜುವಾಗ ಮೈಗಂಟಿಕೊಂಡಿರುತ್ತದೆ. ಮೀನನ್ನು ನೀರಿನಲ್ಲಿ ಆಸರೆಯಾಗಿ ಹಿಡಿದುಕೊಂಡಿರಿ, ತಾನಾಗಿ ಕೊಸರಿಕೊಂಡಾಗ ಬಿಡಿ.

ನಂಬರು, ದಿನಾಂಕ, ಜಾಗ, ಜಾತಿ, ಉದ್ದ ಇವಿಷ್ಟನ್ನೂ ದಡದಲ್ಲೇ ಬರೆಯಿರಿ. ಮನೆಗೆ ಹೋಗಿ ಬರೆದ ಉದ್ದ ಯಾವಾಗಲೂ ನಾಲ್ಕು ಬೆರಳು ಹೆಚ್ಚಿರುತ್ತದೆ!

ಉಪಯೋಗ ಮುಂದಿದೆ. 100 ಮೀನಿಗೆ ಟ್ಯಾಗ್ ಹಾಕಿ ಬಿಟ್ಟಿರಿ ಎನ್ನಿ. ಆಮೇಲೆ ಹಿಡಿದ 200ರಲ್ಲಿ 5ಕ್ಕೆ ಟ್ಯಾಗ್ ಇದ್ದರೆ, 100ನ್ನು 200ರಿಂದ ಗುಣಿಸಿ 5ರಿಂದ ಭಾಗಿಸಿ: ಒಟ್ಟು ಮೀನು ಸುಮಾರು 4,000. ಡೆನ್ಮಾರ್ಕ್‌ನ ಮೀನು ವಿಜ್ಞಾನಿ ಪೀಟರ್ಸನ್ ಹೆಸರಿನ ಈ ಲೆಕ್ಕಾಚಾರ, ಎಷ್ಟು ಹಿಡಿಯಬಹುದು ಎಂದು ನಿರ್ಧರಿಸುವವರಿಗೆ ಒಂದು ಆಧಾರ. ಆದರೆ ಟ್ಯಾಗ್ ಸಿಕ್ಕವರು ಸುಮ್ಮನಿದ್ದರೆ 5 ಹೋಗಿ 2 ಆಗುತ್ತದೆ, ಮೀನು 10,000 ಇದೆಯೆಂಬ ಸುಳ್ಳು ಲೆಕ್ಕ ಹುಟ್ಟುತ್ತದೆ. ಆದ್ದರಿಂದ ಬಲೆಗೆ ಟ್ಯಾಗ್ ಮೀನು ಬಿದ್ದರೆ, ಸಾರು ಮಾಡುವ ಮೊದಲು ನಂಬರಿನ ಫೋಟೊ ತೆಗೆದು, ಟ್ಯಾಗ್ ಮೇಲಿರುವ ವಿಳಾಸಕ್ಕೆ ಕಳುಹಿಸಿ.