ಮೊದಲು ಮೈ, ಆಮೇಲೆ ನೆನಪು

ದವಡೆ ನೋವು, ಹಿಡಿದುಕೊಂಡ ಭುಜ, ಹದಗೆಟ್ಟ ಹೊಟ್ಟೆ, ನಡುರಾತ್ರಿ ಎದೆ ಡವಡವ ಎಂದು ಎಚ್ಚರ. ನನ್ನ ತಮ್ಮ ಅಪಘಾತದಲ್ಲಿ ತೀರಿಕೊಂಡ ಮೇಲೆ ನನ್ನ ಮೈ ಹೀಗಾಗಿತ್ತು. ಸುದ್ದಿ ಬಂದದ್ದು ಫೋನಿನಲ್ಲಿ. ಆಮೇಲೆ ಯಾರ ಫೋನ್ ರಿಂಗಾದರೂ ಕೈ ತಣ್ಣಗಾಗುತ್ತಿತ್ತು. ಇಸಿಜಿ, ಥೈರಾಯ್ಡ್, ರಕ್ತಪರೀಕ್ಷೆ ಎಲ್ಲ ನಾರ್ಮಲ್. ಪರೀಕ್ಷೆ ಮೊದಲು ಮಾಡಿಸಲೇಬೇಕು, ಎದೆನೋವನ್ನು ಟೆನ್ಷನ್ ಎಂದು ಸುಮ್ನೆ ಬಿಡಬಾರದು. ಆದರೆ ರಿಪೋರ್ಟ್ ನಾರ್ಮಲ್ ಬಂತೆಂದರೆ ನೋವು ಸುಳ್ಳು ಅಂತ ಅಲ್ಲ.

ಅಪಾಯ ಎನಿಸಿದಾಗ ಮೆದುಳಿನ ಅಮಿಗ್ಡಲಾ ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್, ಅದರ ಹಿಂದೆಯೇ ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಅಪಾಯ ಮುಗಿದ ಮೇಲೆ ಇದೆಲ್ಲ ಇಳಿಯಬೇಕು. ನನ್ನಲ್ಲಿ ಇಳಿದಿರಲಿಲ್ಲ. ‘ಈಗೇನೂ ಆಗಿಲ್ಲ’ ಎಂದು ಬುದ್ಧಿ ಹೇಳುವ ಮೊದಲೇ ಮೈ ಬಿಗಿದಿರುತ್ತಿತ್ತು.

ಹಾಗಾಗಿ ಮೈಯಿಂದಲೇ ಶುರು ಮಾಡಿದೆ. ಕಣ್ಣು ಮುಚ್ಚಿ ಧ್ಯಾನ ಮಾಡು ಎಂದು ತುಂಬ ಜನ ಹೇಳಿದ್ದರು. ಕಣ್ಣು ಮುಚ್ಚಿದರೆ ನನಗೆ ಆ ಕರೆಯೇ ಕೇಳುತ್ತಿತ್ತು. ಆಘಾತವಾದವರಲ್ಲಿ ಇದು ಅಪರೂಪವೇನಲ್ಲ. ಅದಕ್ಕೇ ಕಣ್ಣು ತೆರೆದೇ ಕೂತೆ. ಪಾದ ನೆಲಕ್ಕೆ ಒತ್ತಿ, ಕತ್ತು ನಿಧಾನವಾಗಿ ತಿರುಗಿಸಿ, ಬಾಗಿಲು, ಕಿಟಕಿ, ಗಡಿಯಾರ ಎಂದು ಒಂದೊಂದಾಗಿ ನೋಡುತ್ತಿದ್ದೆ. ಆಮೇಲೆ ಉಸಿರು. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರು ಬಿಡುವಾಗ, ಮೆದುಳಿನಿಂದ ಎದೆ, ಹೊಟ್ಟೆಗೆ ಹೋಗುವ ವೇಗಸ್ ನರದ ಪ್ರಭಾವ ಹೆಚ್ಚಿ ಎದೆಬಡಿತ ಸ್ವಲ್ಪ ಇಳಿಯುತ್ತದೆ, ಅದಕ್ಕೇ ಬಿಡುವುದು ಉದ್ದ ಇರಬೇಕು. ಗಾಬರಿಯಾದಾಗ ‘ಜೋರಾಗಿ ಉಸಿರೆಳ್ಕೋ’ ಅಂತಾರಲ್ವಾ, ದಯವಿಟ್ಟು ಅದನ್ನು ಮಾಡಬೇಡಿ. ಜೋರಾಗಿ, ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಗಾಬರಿ ಇನ್ನೂ ಜಾಸ್ತಿಯಾಗುತ್ತದೆ.

ಭುಜಕ್ಕೆ, ಬೇಕೆಂದೇ ಬಿಗಿ ಮಾಡಿ ಒಮ್ಮೆಲೇ ಸಡಿಲ ಬಿಡುವ ಅಭ್ಯಾಸ ಕೆಲಸಕ್ಕೆ ಬಂತು. ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು 1920ರ ದಶಕದಲ್ಲೇ ರೂಪಿಸಿದ ವಿಧಾನ ಇದು.

ಇಷ್ಟಾದ ಮೇಲೆಯೇ ಆಪ್ತಸಮಾಲೋಚಕಿ ನೆನಪಿಗೆ ಕೈ ಹಾಕಿದರು. ಅವರು ಬಳಸಿದ್ದು ಇಎಂಡಿಆರ್ ಎಂಬ, ಆಘಾತದ ನೆನಪಿಗೆ ಕೊಡುವ ಮನೋಚಿಕಿತ್ಸೆ. ನೆನಪನ್ನು ಮನಸ್ಸಿನಲ್ಲಿ ಹಿಡಿದು, ಅತ್ತಿತ್ತ ಆಡುವ ಅವರ ಬೆರಳನ್ನು ಕಣ್ಣಲ್ಲಿ ಹಿಂಬಾಲಿಸಬೇಕು. ಫ್ರಾನ್ಸಿನ್ ಶಪೀರೋ 1987ರಲ್ಲಿ ಶುರು ಮಾಡಿದ ಈ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು. ಕಣ್ಣಿನ ಚಲನೆಯ ಪಾತ್ರ ಎಷ್ಟು ಎಂಬ ಚರ್ಚೆ ಮುಗಿದಿಲ್ಲ. ನನಗೆ ಮಾತ್ರ ಆ ಕರೆ ‘ಈಗ’ ಬರುತ್ತಿರುವುದು ನಿಂತು, ‘ಆಗ’ ಬಂದಿದ್ದಾಯಿತು. ನಡುವೆ ಕಾಲು ನಡುಗಿತು, ಅಳು ಬಂತು. ಅವರು ಎರಡನ್ನೂ ತಡೆಯಲಿಲ್ಲ, ಆದರೆ ಉಸಿರು ತಪ್ಪಿದ ತಕ್ಷಣ ನಿಲ್ಲಿಸುತ್ತಿದ್ದರು. ಇದನ್ನು ಒಬ್ಬರೇ ಮಾಡಲು ಹೋಗಬೇಡಿ.

ಹೊಟ್ಟೆ ಎಲ್ಲಕ್ಕಿಂತ ಮೊದಲು ಸರಿಹೋಯಿತು. ನಿದ್ದೆ ತೀರಾ ತಡವಾಗಿ ಬಂತು. ಹಲ್ಲು ಕಡಿಯುವುದು ಪೂರ್ತಿ ಹೋಗಿಲ್ಲ. ಅದಕ್ಕೆ ದಂತವೈದ್ಯರು ಕೊಟ್ಟ, ಹಲ್ಲಿಗೆ ಹಾಕುವ ಗಾರ್ಡನ್ನು ಈಗಲೂ ಹಾಕಿಕೊಂಡೇ ಮಲಗುತ್ತೇನೆ.