48 ಕೀಲಿಗಳ ಮಣೆಗೆ ಕನ್ನಡ ಒಗ್ಗಿಸುವುದು ಹೇಗೆ?

ನಾಲ್ಕು ಅಡ್ಡಸಾಲು, ಹನ್ನೆರಡು ಉದ್ದಸಾಲುಗಳ ಕಿರು ಕೀಲಿಮಣೆಯಲ್ಲಿ ಒಟ್ಟು 48 ಕೀಲಿಗಳಿರುತ್ತವೆ. ಅಂಕಿ, ಫಂಕ್ಷನ್ ಕೀಲಿಗಳಿಗೆ ಮಣೆಯ ಮೇಲೆ ಜಾಗವಿಲ್ಲ. ಅವೆಲ್ಲ ಒಳಗಿನ ಚಿಪ್‌ನಲ್ಲಿದ್ದು ಮಣೆಯನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರ್‌ನ ಪದರಗಳಲ್ಲಿ, ಅಂದರೆ ಅದೇ ಕೀಲಿಗಳಿಗೆ ಬೇರೆ ಬೇರೆ ಕೆಲಸ ಕೊಡುವ ಪಟ್ಟಿಗಳಲ್ಲಿ, ಅಡಗಿರುತ್ತವೆ. ಈ ಫರ್ಮ್‌ವೇರನ್ನು ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ ನಾವೇ ಸಿದ್ಧಪಡಿಸಿಕೊಳ್ಳಬಹುದು. ಇಂಗ್ಲಿಷ್ ಬರೆಯುವವರಿಗಾಗಿ ರೂಪುಗೊಂಡ ಸಲಹೆಗಳನ್ನು ಕನ್ನಡ ಬರೆಯುವವರು ಹಾಗೆಯೇ ಪಾಲಿಸಿದರೆ ಒಂದೆರಡು ಕಡೆ ಎಡವುವುದು ಖಚಿತ.

ಮೊದಲು ತಂತಿಯ ಕೆಲಸ. ಪ್ರತಿ ಕೀಲಿಗೂ ಚಿಪ್ ಬೋರ್ಡಿನಲ್ಲಿ ಪ್ರತ್ಯೇಕ ಪಿನ್ (ತಂತಿ ಜೋಡಿಸುವ ಬಿಂದು) ಕೊಡಲು ಹೊರಟರೆ 48 ಪಿನ್ ಬೇಕಾಗುತ್ತದೆ. ಸಾಲುಗಳ ಜಾಲವಾಗಿ ಜೋಡಿಸಿದರೆ ಸಾಲಿಗೊಂದರಂತೆ 16 ಸಾಕು. 26 ಪಿನ್‌ಗಳು ಬಳಕೆಗೆ ಸಿಗುವ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡ್ ಇದಕ್ಕೆ ಧಾರಾಳವಾಯಿತು. ಏಕಕಾಲಕ್ಕೆ ಹಲವು ಕೀಲಿಗಳನ್ನು ಒತ್ತಿದಾಗ ಒತ್ತದ ಅಕ್ಷರ ಮೂಡಬಾರದೆಂದು ಪ್ರತಿ ಕೀಲಿಗೂ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ 1ಎನ್4148 ಡಯೋಡ್ ಒಂದನ್ನು, ಅದರ ಕಪ್ಪು ಪಟ್ಟೆ ಅಡ್ಡಸಾಲಿನ ಕಡೆಗೆ ಬರುವಂತೆ ಬೆಸೆಯಬೇಕು. ಮಲೆನಾಡಿನಲ್ಲಿರುವವರು ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳುವುದು ಲೇಸು. ಆಷಾಢದ ಥಂಡಿಯಲ್ಲಿ ತೆರೆದಿಟ್ಟ ಡಯೋಡ್‌ಗಳ ಕಾಲು ಮಂಕಾಗಿ ಬೆಸುಗೆ ಹಿಡಿಯದೆ, ನಾನು ಒಂದೊಂದನ್ನೂ ಬ್ಲೇಡಿನಿಂದ ಕೆರೆಯುತ್ತ ಕುಳಿತದ್ದುಂಟು.

ಇನ್ನು ತಂತ್ರಾಂಶ. ವಿಂಡೋಸ್ ಬಳಸುವವರು ಆದೇಶಗಳನ್ನು ಟೈಪಿಸುವ ಕಿಟಕಿಯಾದ ಕ್ಯೂಎಂಕೆ ಎಂಸಿಸ್ ಅನ್ನು ಸ್ಥಾಪಿಸಿ, ಅದರಲ್ಲಿ ‘ಕ್ಯೂಎಂಕೆ ಸೆಟಪ್’ ಆದೇಶವನ್ನೂ ಬಳಿಕ ‘ನ್ಯೂ ಕೀಬೋರ್ಡ್’ ಆದೇಶವನ್ನೂ ಕೊಡಬೇಕು. ಆಗ ಸೃಷ್ಟಿಯಾಗುವ ಕೀಬೋರ್ಡ್.ಜೆಸನ್ ಕಡತದಲ್ಲಿ ಯಾವ ಸಾಲಿಗೆ ಯಾವ ಪಿನ್, ಡಯೋಡ್ ಯಾವ ದಿಕ್ಕಿಗೆ ಎಂಬುದನ್ನು ತುಂಬಬೇಕು, ಕೀಮ್ಯಾಪ್.ಸಿ ಕಡತದಲ್ಲಿ ಪದರಗಳನ್ನು ಬರೆಯಬೇಕು. ಸ್ಪೇಸ್‌ನ ಪಕ್ಕದ ಕೀಲಿಯನ್ನು ಒತ್ತಿ ಹಿಡಿದಾಗ ಎರಡನೆಯ ಪದರ ತೆರೆದು, ಕ್ಯೂ ಸಾಲು ಅಂಕಿಗಳ ಸಾಲಾಗುವಂತೆ ಮಾಡಿಕೊಂಡರೆ ಆರಂಭಕ್ಕೆ ಸಾಕು.

‘ಕಂಪೈಲ್’ ಆದೇಶದಿಂದ, ಬೋರ್ಡಿಗೆ ಹಾಕಬೇಕಾದ ಯುಎಫ್2 ಕಡತ ಸಿದ್ಧವಾಗುತ್ತದೆ. ಪಿಕೊದ ಬೂಟ್‌ಸೆಲ್ ಗುಂಡಿ ಒತ್ತಿಹಿಡಿದು ಕೇಬಲ್ ಸಿಕ್ಕಿಸಿದರೆ ಅದು ಪೆನ್‌ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತದೆ. ಕಡತವನ್ನು ಅದಕ್ಕೆ ನಕಲಿಸಿದರಾಯಿತು. ನಡುವೆ ಕರೆಂಟು ಹೋದರೂ ಹೆದರಬೇಕಾಗಿಲ್ಲ. ಹೊಸ ಫರ್ಮ್‌ವೇರನ್ನು ಬರಮಾಡಿಕೊಳ್ಳುವ ಬೂಟ್‌ಲೋಡರ್ ಚಿಪ್‌ನ ಅಳಿಸಲಾಗದ ಸ್ಮೃತಿಯಲ್ಲಿರುವುದರಿಂದ ಗುಂಡಿ ಒತ್ತಿ ಮತ್ತೊಮ್ಮೆ ನಕಲಿಸಬಹುದು.

ಕೀಲಿಮಣೆಗೆ ಕನ್ನಡ ಗೊತ್ತಿಲ್ಲ; ಅದು ಕಳಿಸುವುದು ಕೀಲಿಯ ಸಂಖ್ಯೆಯನ್ನು ಮಾತ್ರ, ಅದನ್ನು ಅಕ್ಷರವಾಗಿಸುವುದು ಕಂಪ್ಯೂಟರ್. ಕ್ಯೂಎಂಕೆಯಿಂದಲೇ ಯುನಿಕೋಡ್ ಅಕ್ಷರ ಕಳಿಸುವ ದಾರಿಯೂ ಇದೆ, ಆದರೆ ‘ಕ್ಷ’ ಒಂದಕ್ಕೇ ಮೂರು ಸಂಕೇತ ಕಳಿಸಬೇಕಾದ ಆ ರಗಳೆ ಬೇಡ. ಭಾಷೆ ಬದಲಿಸುವ ವಿಂಡೋಸ್–ಸ್ಪೇಸ್ ಜೋಡಿಯನ್ನು ಒಂದೇ ಕೀಲಿಗೆ ಕೊಟ್ಟುಕೊಂಡರೆ ಸಾಕು. ಯಾವ ಕೀಲಿಗೆ ಯಾವ ಅಕ್ಷರ ಎಂಬ ವಿನ್ಯಾಸದ ಆಯ್ಕೆ ಮಾತ್ರ ಮುಖ್ಯ. ಭಾರತೀಯ ಭಾಷೆಗಳ ಅಧಿಕೃತ ವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ನಲ್ಲಿ ‘ಡ’ ಇರುವುದು ಪಿ ಕೀಲಿಯ ಬಲಕ್ಕಿರುವ ಚೌಕಾವರಣದ ಕೀಲಿಯಲ್ಲಿ. 48ರ ಮಣೆಯಲ್ಲಿ ಆ ಕೀಲಿಯೇ ಇಲ್ಲದ್ದರಿಂದ ‘ಮಲೆನಾಡು’ ಎಂದು ಬರೆಯಲೂ ಪದರ ಬದಲಿಸಬೇಕಾಗುತ್ತದೆ. ‘ನುಡಿ’ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ವಿನ್ಯಾಸ ಇಂಗ್ಲಿಷಿನ 26 ಅಕ್ಷರಕೀಲಿಗಳಲ್ಲೇ ಮುಗಿಯುವುದರಿಂದ ಇಲ್ಲಿ ಅದೇ ಸಲೀಸು.

ನಾನು ಎಡವಿದ್ದು ಇನ್ನೊಂದು ಕಡೆ. ಅಕ್ಷರದ ಕೀಲಿಯನ್ನು ತಟ್ಟಿದರೆ ಅಕ್ಷರ, ಒತ್ತಿಹಿಡಿದರೆ ಕಂಟ್ರೋಲ್ ಆಗುವಂತೆ ಮಾಡುವ ಸೌಲಭ್ಯ ಕ್ಯೂಎಂಕೆಯಲ್ಲಿದ್ದು, ಎರಡರ ನಡುವಿನ ಗಡಿ ಸಾಮಾನ್ಯವಾಗಿ 200 ಮಿಲಿಸೆಕೆಂಡ್. ಇಂಗ್ಲಿಷಿನವರ ಸಲಹೆಯಂತೆ ಅದನ್ನು ಎಫ್ ಕೀಲಿಗೆ ಕೊಟ್ಟಿದ್ದೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸುವ ಕೀಲಿಯೇ ಎಫ್. ‘ಶಿವಮೊಗ್ಗ’ ಬರೆಯುವಾಗ ಬೆರಳು ಎಫ್ ಮೇಲೆ ತುಸು ತಡೆಯಿತು. ‘ಶಿವಮೊಗ’ ಎಂಬಲ್ಲಿಗೆ ಬರಹ ನಿಂತು, ಕಂಟ್ರೋಲ್–ಜಿ ಎಂದು ತಿಳಿದ ವರ್ಡ್ ‘ಗೋ ಟು’ ಕಿಟಕಿಯನ್ನು ತೆರೆದಿತ್ತು. ಗಡಿಯನ್ನು 280ಕ್ಕೆ ಏರಿಸಿ ನೋಡಿದೆ, ಸಮಾಧಾನವಾಗಲಿಲ್ಲ. ‘ತೀರ್ಥಹಳ್ಳಿ’ ಒಂದರಲ್ಲೇ ಎರಡು ಸಲ ಬರುವ ಕೀಲಿಗೆ ಇಬ್ಬಗೆಯ ಕೆಲಸ ಹಚ್ಚಬಾರದು. ಇನ್‌ಸ್ಕ್ರಿಪ್ಟ್ ಬಳಸುವವರು ಇದೇ ಕಾರಣಕ್ಕೆ, ಅಲ್ಲಿ ಒತ್ತಕ್ಷರ ಮೂಡಿಸುವ ಡಿ ಕೀಲಿಯನ್ನು ಬಿಟ್ಟುಬಿಡಬೇಕು. ಕಂಟ್ರೋಲ್‌ಗೆ ಕೆಳಗಿನ ಎಡಮೂಲೆಯೇ ಸರಿ.

ಕೊನೆಯದಾಗಿ, ಎರಡನೆಯ ಪದರದ ಒಂದು ಮೂಲೆಗೆ, ಒತ್ತಿದೊಡನೆ ಪಿಕೊವನ್ನು ಪೆನ್‌ಡ್ರೈವ್‌ನಂತೆ ಕಾಣಿಸುವ ಕ್ಯೂಕೆ ಬೂಟ್ ಸಂಕೇತವನ್ನು ಕೊಟ್ಟಿಟ್ಟುಕೊಳ್ಳಿ. ಮೊದಲ ವಾರ ಕೀಲಿಗಳ ಸ್ಥಾನ ದಿನಕ್ಕೆರಡು ಬಾರಿ ಬದಲಾಗುತ್ತದೆ. ಪ್ರತಿ ಸಲವೂ ಪೆಟ್ಟಿಗೆಯ ತಿರುಪು ಬಿಚ್ಚಿ ಬೂಟ್‌ಸೆಲ್ ಗುಂಡಿ ಹುಡುಕುವುದು ತಪ್ಪುತ್ತದೆ.